ಮೊದಲು ಅಜ್ಜಿಯ ಕುರ್ಚಿ

ಘಟ್ಟದ ಬುಡದ ನೆರಿಯ, ಕಕ್ಕಿಂಜೆ, ಚಾರ್ಮಾಡಿ ಕಡೆಯ ಮನೆಗಳಿಂದ ಕುಟುಂಬದ ಫೋಟೊಗೆ ಕರೆ ಬರುವುದು ಒಂದೋ ಗೃಹಪ್ರವೇಶಕ್ಕೆ, ಇಲ್ಲವೇ ತರವಾಡು ಮನೆಯ ದೈವದ ನೇಮಕ್ಕೆ, ಅಜ್ಜನಿಗೆ ಎಂಬತ್ತು ತುಂಬಿದ್ದಕ್ಕೆ, ಇಗರ್ಜಿಯಲ್ಲಿ ಮಗುವಿನ ಮೊದಲ ಪರಮಪ್ರಸಾದಕ್ಕೆ, ಅಥವಾ ಗಲ್ಫಿನಿಂದ ಮಗ ರಜೆಯಲ್ಲಿ ಬಂದಾಗ. ಬೇಡಿಕೆ ಮಾತ್ರ ಎಲ್ಲರದ್ದೂ ಒಂದೇ: ಮನೆ ಕಾಣಬೇಕು, ಹಿಂದೆ ಘಟ್ಟ ಕಾಣಬೇಕು, ಕಾರು ಸಿಕ್ಕಿದರೆ ಇನ್ನೂ ಒಳ್ಳೆಯದು. ಮುಖ ಹೇಗೆ ಬರುತ್ತದೆ ಎಂದು ಮೊದಲು ಕೇಳಿದವರನ್ನು ನಾನು ಕಂಡಿಲ್ಲ. ಅದನ್ನು ಕೇಳಿಕೊಳ್ಳುವುದು ಫೋಟೊಗ್ರಾಫರನ ಕೆಲಸ. ಈ ಕಸುಬಿಗೆ ಹೊಸತಾಗಿ ಇಳಿಯುವ ಹುಡುಗರಿಗೆ ನಾನು ಹೇಳುವ ಕೆಲವು ಮಾತು ಇಲ್ಲಿವೆ.

1. ಮನೆಯಲ್ಲಿ ಅತಿ ಹಿರಿಯರು ಯಾರೋ ಅವರ ಕುರ್ಚಿಯ ಜಾಗ ಮೊದಲು ನಿಶ್ಚಯವಾಗಬೇಕು. ಕ್ಯಾಮೆರಾ, ಹಿನ್ನೆಲೆ, ಉಳಿದವರು ಎಲ್ಲ ಆಮೇಲೆ. ಅಜ್ಜಿಗೆ ಮೊಣಕಾಲು ನೋವು, ಪೊರೆ ತೆಗೆಸಿದ ಕಣ್ಣು, ಹೆಚ್ಚು ಹೊತ್ತು ಕೂರಲಿಕ್ಕಾಗುವುದಿಲ್ಲ. ಆ ಕಣ್ಣಿಗೆ ಹಿತವಾದ ಬೆಳಕು ಎಲ್ಲಿದೆಯೋ ಅಲ್ಲಿ ಮಗನಿಗೂ ಮೊಮ್ಮಗಳಿಗೂ ಒಳ್ಳೆಯ ಬೆಳಕೇ ಇರುತ್ತದೆ. ಮೊದಲು ಆ ಕುರ್ಚಿಯಲ್ಲಿ ನಾನೇ ಕೂತು ಕ್ಯಾಮೆರಾ ಬರುವ ಕಡೆ ನೋಡುತ್ತೇನೆ. ಕಣ್ಣು ಕಿರಿದಾಯಿತೆಂದರೆ ಜಾಗ ಬದಲು. ಆಮೇಲೆ ಸುತ್ತ ಓಡಾಡುವ ಹುಡುಗನೊಬ್ಬನನ್ನು ಕೂರಿಸಿ ಅವನ ಕಣ್ಣುಗುಡ್ಡೆ ನೋಡುತ್ತೇನೆ. ಗುಡ್ಡೆಯ ಮೇಲರ್ಧದಲ್ಲಿ ಒಂದು ಬಿಳಿ ಚೂರು ಹೊಳೆಯಬೇಕು. ಅದು ಎದುರಿನ ತೆರೆದ ಆಕಾಶ. ಅದಿಲ್ಲದಿದ್ದರೆ ಎಷ್ಟು ದುಬಾರಿ ಕ್ಯಾಮೆರಾ ಇದ್ದರೂ ಮುಖದಲ್ಲಿ ಕಳೆ ಇರುವುದಿಲ್ಲ. ಕುರ್ಚಿಯನ್ನು ಜಗಲಿಯ ಒಳಗಿಂದ ಮಾಡಿನ ಅಂಚಿಗೆ ಎರಡು ಗೇಣು ತಂದರೆ ಆ ಚೂರು ಬರುತ್ತದೆ, ಇನ್ನೂ ಎರಡು ಗೇಣು ಮುಂದೆ ಹೋದರೆ ಬಿಸಿಲು ತಲೆಯ ಮೇಲೆ ಬೀಳುತ್ತದೆ. ನಮ್ಮ ಕಸುಬು ಬಹುಪಾಲು ಆ ಎರಡು ಗೇಣಿನೊಳಗೇ ಇದೆ.

ಹಾಗೆಯೇ ಬಿಸಿಲಿಗೆ ಕಪ್ಪಾಗುವ ಕನ್ನಡಕ. ಈಗ ಹಿರಿಯರಲ್ಲಿ ತುಂಬಾ ಜನ ಅದನ್ನೇ ಹಾಕುತ್ತಾರೆ. ಅಂಗಳದಲ್ಲಿ ನಿಂತು ನೆಂಟರನ್ನು ಮಾತಾಡಿಸಿ ಬಂದ ಅಜ್ಜನ ಕನ್ನಡಕ ತಿಳಿಯಾಗಲು ಹೊತ್ತು ಬೇಕು. ಐದು ಹತ್ತು ನಿಮಿಷ ಮೊದಲೇ ಅವರನ್ನು ಒಳಗೆ ಕೂರಿಸಿ ಒಂದು ಲೋಟ ಪಾನಕ ಕೊಡಿಸಿ.

2. ಮನೆಯ ಮುಖ ಯಾವ ದಿಕ್ಕಿಗೆ ಎಂದು ಫೋನಿನಲ್ಲೇ ಕೇಳಿಕೊಳ್ಳಿ. ನಮ್ಮ ಕಡೆ ಹೆಚ್ಚಿನ ಮನೆಗಳು ಪೂರ್ವಕ್ಕೆ. ಪೂರ್ವದಲ್ಲಿ ಚಾರ್ಮಾಡಿ ಘಟ್ಟದ ಗೋಡೆ. ಹಾಗಾಗಿ ಘಟ್ಟದ ಬುಡದ ಮನೆಗಳಿಗೆ ಬೆಳಗಿನ ಎಳೆಬಿಸಿಲು ಎನ್ನುವುದು ಕಡಿಮೆ. ಸೂರ್ಯ ಗುಡ್ಡ ಹತ್ತಿ ಕಾಣಿಸಿಕೊಳ್ಳುವಾಗಲೇ ಖಾರವಾಗಿರುತ್ತಾನೆ, ಬಂದವನು ನೇರ ಮುಖಕ್ಕೇ ಹೊಡೆಯುತ್ತಾನೆ. ಮಧ್ಯಾಹ್ನ ಮೂರೂವರೆ ನಾಲ್ಕರ ಮೇಲೆ ಅದೇ ಅಂಗಳಕ್ಕೆ ಮನೆಯದ್ದೇ ನೆರಳು ಚಾಚುತ್ತದೆ, ಎದುರಿಗೆ ಘಟ್ಟದ ಮೇಲೆ ಪೂರ್ವದ ಆಕಾಶ ತೆರೆದಿರುತ್ತದೆ. ಮನೆಯನ್ನು ಹಿಂದಿಟ್ಟುಕೊಂಡು ತೆಗೆಯಲು ಅದಕ್ಕಿಂತ ಒಳ್ಳೆಯ ಬೆಳಕಿಲ್ಲ.

ತೊಂದರೆ ಮುಹೂರ್ತದ್ದು. ಗೃಹಪ್ರವೇಶ ಮುಗಿದು ಎಲ್ಲರೂ ಹೊಸ ಸೀರೆಯಲ್ಲಿ ನಿಲ್ಲುವುದು ಬೆಳಿಗ್ಗೆ ಒಂಬತ್ತು ಹತ್ತಕ್ಕೆ. ಸಂಜೆ ತೆಗೆಯೋಣ ಎಂದರೆ, "ಅಷ್ಟೊತ್ತಿಗೆ ಭಾವ ಹೊರಟು ಹೋಗ್ತಾರೆ ಮಾರಾಯ್ರೆ" ಎನ್ನುತ್ತಾರೆ. ಅದೂ ನಿಜವೇ. ಆಗ ನಾನು ಮನೆಯ ಹಿಂದಕ್ಕೆ, ಪಶ್ಚಿಮದ ನೆರಳಿಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಬಚ್ಚಲಿನ ಒಲೆ, ಸೌದೆ ಕೊಟ್ಟಿಗೆ, ಕೆಂಪುಕಲ್ಲಿನ ಗೋಡೆ. ಮನೆಯವರಿಗೆ ಸ್ವಲ್ಪ ನಾಚಿಕೆ. ನನಗೆ ಮಾತ್ರ ಹೊಸ ಪೈಂಟಿನ ಎದುರುಗೋಡೆಗಿಂತ ಆ ಕೆಂಪುಕಲ್ಲೇ ಚಂದ.

3. ಉತ್ತರದ ನೆರಳು ಒಳ್ಳೆಯದು ಎಂದು ಪುಸ್ತಕಗಳು ಹೇಳುತ್ತವೆ. ಅವು ಬರೆದದ್ದು ತಣ್ಣನೆ ದೇಶಗಳಲ್ಲಿ. ನಾವಿರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24-25ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ ನಡುಹಗಲ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಈ ಎರಡರ ನಡುವಿನ ತಿಂಗಳುಗಳಲ್ಲಿ ಅವನು ಉತ್ತರಕ್ಕೇ ವಾಲಿರುತ್ತಾನೆ. ಮೇ ತಿಂಗಳ ಮದುವೆಗೆ ಉತ್ತರದ ಗೋಡೆಯನ್ನು ನಂಬಿ ಹೋದರೆ ಅಲ್ಲೇ ಬಿಸಿಲು. ನಡುಹಗಲು ಅನ್ನುವುದೂ ನಮಗೆ ಹನ್ನೆರಡಕ್ಕಲ್ಲ, ಹನ್ನೆರಡೂವರೆಯ ಆಸುಪಾಸಿಗೆ. 1839ರ ಆಗಸ್ಟ್ 19ರಂದು ಪ್ಯಾರಿಸ್ಸಿನಲ್ಲಿ ಡಾಗೆರೊಟೈಪ್ ವಿಧಾನವನ್ನು ಜಗತ್ತಿಗೆ ಬಿಚ್ಚಿಟ್ಟರೆಂದು ನಾವು ಆ ದಿನ ಛಾಯಾಗ್ರಹಣ ದಿನ ಆಚರಿಸುತ್ತೇವೆ. ನಮ್ಮೂರಲ್ಲಿ ಛಾಯೆಯೇ ಇಲ್ಲದ ನಡುಹಗಲು ಬರುವುದೂ ಅದೇ ದಿನಗಳಲ್ಲಿ! ಮಳೆ ಮೋಡದ ದೆಸೆಯಿಂದ ಅದು ಯಾರ ಗಮನಕ್ಕೂ ಬರುವುದಿಲ್ಲ.

4. ಘಟ್ಟ ಬೇಕೇ ಬೇಕು ಎಂದರೆ ಕಾಯಬೇಕು. ಬೆಳಿಗ್ಗೆ ಘಟ್ಟದ ಹಿಂದಿನಿಂದ ಬೆಳಕು. ಫೋಟೊದಲ್ಲಿ ಅದು ಬರಿಯ ಬೂದು. ಮಧ್ಯಾಹ್ನದ ಮೇಲೆ ಘಟ್ಟಕ್ಕೆ ಬಿಸಿಲು ಬಿದ್ದು ಹಸಿರು ಬಿಚ್ಚಿಕೊಳ್ಳುತ್ತದೆ, ಆದರೆ ಅದಕ್ಕೆ ಬೆನ್ನು ಹಾಕಿ ನಿಂತವರ ಕಣ್ಣಿಗೂ ಅದೇ ಬಿಸಿಲು. ಎರಡೂ ಕೂಡಿ ಬರುವ ಹೊತ್ತು ಒಂದೇ. ಪಶ್ಚಿಮದ ತೋಟದ ಹಿಂದೆ ಸೂರ್ಯ ಇಳಿದು ಅಂಗಳ ನೆರಳಾದ ಮೇಲೆ, ಘಟ್ಟದ ನೆತ್ತಿಯಲ್ಲಿ ಮಾತ್ರ ಇನ್ನೂ ಬಿಸಿಲು ಉಳಿದಿರುವ ಹೊತ್ತು. ಡಿಸೆಂಬರಿನಲ್ಲಿ ಐದೂಕಾಲು, ಐದೂವರೆಗೆ ಸಿಗುತ್ತದೆ. ಬೇಸಿಗೆಯಲ್ಲಿ ಆರರ ಮೇಲೆ. ಹತ್ತು ಹದಿನೈದು ನಿಮಿಷವಷ್ಟೇ. ಆ ಹೊತ್ತಿಗೆ ಎಲ್ಲರೂ ಅವರವರ ಜಾಗದಲ್ಲಿರಬೇಕು, ಚಹಾ ಮುಗಿದಿರಬೇಕು, ಸೊಸೆ ಅಡುಗೆಮನೆಯಿಂದ ಹೊರಗೆ ಬಂದಿರಬೇಕು.

5. ಅಡಿಕೆ ತೋಟದೊಳಗೆ ನಿಲ್ಲಿಸಬೇಡಿ, ಅಂಚಿನಲ್ಲಿ ನಿಲ್ಲಿಸಿ. ಒಳಗೆ ಹೋದರೆ ಸೋಗೆಯ ಸಂದಿನ ಬಿಸಿಲು ಹಣೆ ಮೇಲೊಂದು, ಕೆನ್ನೆ ಮೇಲೊಂದು ಮಚ್ಚೆ ಹಾಕುತ್ತದೆ. ಸುತ್ತಲಿನ ಹಸಿರು ಚರ್ಮಕ್ಕೆ ಹತ್ತುತ್ತದೆ. ಅಂಚಿನಲ್ಲಿ, ಬೆನ್ನಿಗೆ ತೋಟ, ಎದುರಿಗೆ ಗದ್ದೆಯೋ ರಸ್ತೆಯೋ ತೆರೆದ ಜಾಗ ಇದ್ದರೆ ಸಾಕು. ರಬ್ಬರ್ ತೋಟದ್ದು ಬೇರೆಯೇ ಲೆಕ್ಕ. ಡಿಸೆಂಬರ್ ಜನವರಿಯಲ್ಲಿ ಎಲೆ ಉದುರಿ ನೆಲವೆಲ್ಲ ಕಂದು ಹಾಸು, ಮೇಲೆ ಬರೀ ಕೊಂಬೆ. ಫೆಬ್ರವರಿಗೆ ತಾಮ್ರದ ಬಣ್ಣದ ಚಿಗುರು ಬರುತ್ತದೆ, ಆಗ ಸಂಜೆಯ ಬೆಳಕು ಬೆನ್ನ ಹಿಂದಿನಿಂದ ಬರುವಂತೆ ನಿಲ್ಲಿಸಿದರೆ ಬೇರೆ ಅಲಂಕಾರ ಬೇಡ. ಜೂನ್ ನಂತರ ಮರಮರಕ್ಕೂ ಪ್ಲಾಸ್ಟಿಕ್ಕಿನ ಲಂಗ ಕಟ್ಟಿರುತ್ತಾರೆ, ಕೆಳಗೆ ಉಂಬುಳ. ಆ ಕಡೆ ಹೋಗುವುದೇ ಬೇಡ.

6. ಅಂಗಳದಲ್ಲಿ ಅಡಿಕೆ ಒಣಹಾಕಿದ್ದರೆ ಒಮ್ಮೆ ಅದನ್ನು ನೋಡಿ, ಒಮ್ಮೆ ಕೂತವರ ಗದ್ದದ ಕೆಳಭಾಗ ನೋಡಿ. ಹಣ್ಣಡಿಕೆಯ ಕಿತ್ತಳೆ ಬಣ್ಣ ಅಲ್ಲಿರುತ್ತದೆ. ನೀಲಿ ಟರ್ಪಾಲಿನದ್ದು ಇನ್ನೂ ಕೆಟ್ಟದು. ಹಸಿರು ಫೈಬರ್ ಶೀಟಿನ ಮಾಡಿನಡಿ ಕೂತವರು ಕಾಯಿಲೆ ಬಿದ್ದವರಂತೆ ಕಾಣುತ್ತಾರೆ, ಇದನ್ನು ಕಂಪ್ಯೂಟರಿನಲ್ಲಿ ತಿದ್ದಲು ಕೂತರೆ ಸೀರೆಯ ಬಣ್ಣ ಕೆಡುತ್ತದೆ. ಬಿಳಿ ಪಂಚೆಯೊಂದನ್ನು ಎದುರಿಗೆ ನೆಲದ ಮೇಲೆ ಹಾಸಿದರೆ ಬಣ್ಣದ ಬೆಳಕೂ ಮರೆಯಾಗುತ್ತದೆ, ಕಣ್ಣಿನ ಕೆಳಗಿನ ಕಪ್ಪೂ ಹೋಗುತ್ತದೆ. ರಿಫ್ಲೆಕ್ಟರ್ ಮರೆತು ಬಂದವನಿಗೂ ಪಂಚೆ ಎಲ್ಲ ಮನೆಯಲ್ಲೂ ಸಿಗುತ್ತದೆ.

7. ಮಳೆಗಾಲದ ಮೋಡದ ಬೆಳಕು ಮೆತ್ತಗೆ, ಹಾಗಾಗಿ ಎಲ್ಲಿ ನಿಲ್ಲಿಸಿದರೂ ಆಗುತ್ತದೆ ಎನ್ನುವುದು ಅರ್ಧ ಸತ್ಯ. ಆ ಬೆಳಕು ಬರುವುದು ಮೇಲಿನಿಂದ. ಬಯಲಲ್ಲಿ ನಿಂತವರ ಕಣ್ಣು ಗುಳಿಗೆ ಬಿದ್ದಂತೆ ಬರುತ್ತದೆ. ತಲೆಯ ಮೇಲೊಂದು ಮಾಡು ಬೇಕು, ಎದುರು ತೆರೆದಿರಬೇಕು. ಹಳೆಯ ಮನೆಗಳ ಜಗಲಿ ಇರುವುದೇ ಹಾಗೆ. ಮಳೆಗಾಲದ ಇನ್ನೊಂದು ತೊಂದರೆ, ಎಸಿ ಹಾಕಿದ ಕಾರಿನಿಂದ ಇಳಿದ ಕೂಡಲೇ ಲೆನ್ಸಿಗೆ ಮಂಜು ಹಿಡಿಯುತ್ತದೆ. ಬ್ಯಾಗು ಬಿಚ್ಚದೆ ಸ್ವಲ್ಪ ಹೊತ್ತು ಹೊರಗಿಡಿ.

ಮತ್ತೆ ಹೊಳೆಬದಿ. ಜೂನಿನಿಂದ ಅಕ್ಟೋಬರಿನವರೆಗೆ ಹೊಳೆಗೆ ಮಕ್ಕಳನ್ನು ಇಳಿಸಿ ಫೋಟೊ ತೆಗೆಯಬಾರದು. ಇಲ್ಲಿ ಬಿಸಿಲಿದ್ದರೂ ಘಟ್ಟದ ಮೇಲೆ ಮಳೆ ಬಂದರೆ ನೀರು ಏರುತ್ತದೆ. 2019ರ ಆಗಸ್ಟಿನ ಪ್ರವಾಹ ನೋಡಿದ ಊರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನಿಂದ ಬಂದ ನೆಂಟರಿಗೆ ಹೇಳಬೇಕು.

8. ಯಾರು ಕೂರುವುದು, ಯಾರು ನಿಲ್ಲುವುದು ಎಂದು ನೀವು ತೀರ್ಮಾನಿಸಬೇಡಿ. ಎತ್ತರ ನೋಡಿ ಜೋಡಿಸುವುದು ಶಾಲೆಯ ಗ್ರೂಪ್ ಫೋಟೊಗೆ ಸರಿ. ತಾಯಿಯ ಕಡೆಯಿಂದ ವಂಶ ಹಿಡಿಯುವ ಅಳಿಯಸಂತಾನದ ಕುಟುಂಬದಲ್ಲಿ ಯಜಮಾನರಾದ ಸೋದರಮಾವ ನಡುವೆ ಕೂರಬೇಕು, ಪಕ್ಕದಲ್ಲಿ ಅವರ ಅಕ್ಕತಂಗಿಯರು. ಹೆಂಡತಿಯನ್ನು ಕೂರಿಸಿ ಅಕ್ಕನನ್ನು ಹಿಂದೆ ನಿಲ್ಲಿಸಿದರೆ ಆ ಮಾತು ಮುಂದಿನ ನೇಮದವರೆಗೆ ಉಳಿಯುತ್ತದೆ. ಇನ್ನೊಂದು ಮನೆಯಲ್ಲಿ ಹೊಸ ಅಳಿಯನಿಗೆ ಕುರ್ಚಿ ಸಿಗಲೇಬೇಕು. ಪ್ರತಿ ಮನೆಯಲ್ಲೂ ಇದೆಲ್ಲ ತಿಳಿದ ಒಬ್ಬರು ದೊಡ್ಡಮ್ಮ ಇರುತ್ತಾರೆ. ಅವರನ್ನು ಹಿಡಿಯಿರಿ. "ದೊಡ್ಡಮ್ಮ, ಎದುರಿಗೆ ಯಾರೆಲ್ಲ ಕೂತ್ಕೊಳ್ಳುದು, ನೀವೇ ಹೇಳಿ" ಎಂದರೆ ಅವರು ಎರಡೇ ನಿಮಿಷದಲ್ಲಿ ಎಲ್ಲರನ್ನೂ ಕೂರಿಸಿ, "ಅವ ಎಲ್ಲಿ, ಸಣ್ಣವ? ತೋಟದಲ್ಲಿರ್ಬೇಕು, ಕರೀರಿ" ಎಂದು ಬಿಟ್ಟುಹೋದವನನ್ನೂ ನೆನಪಿಸುತ್ತಾರೆ. ಆಮೇಲೆ ಮಾತ್ರ ನೀವು ಎತ್ತರ ತಗ್ಗು ನೋಡಬೇಕು. ಅದಕ್ಕೂ ಜನರನ್ನು ಅದಲುಬದಲು ಮಾಡುವುದಲ್ಲ, ಮೆಟ್ಟಿಲು, ಸ್ಟೂಲು, ತುಳಸಿಕಟ್ಟೆಯ ಅಂಚು ಬಳಸಿಕೊಳ್ಳುವುದು.

9. ಕೈ ಎಲ್ಲಿಡುವುದೆಂದು ಯಾರಿಗೂ ಗೊತ್ತಿರುವುದಿಲ್ಲ. ಹಳೆಯ ಫೋಟೊಗಳಲ್ಲಿ ಎಲ್ಲರೂ ಮಂಡಿ ಹಿಡಿದು ಸೆಟೆದು ಕೂತಿರುವುದಕ್ಕೆ ಒಂದು ಕಾರಣ ಆ ಕಾಲದ ಪ್ಲೇಟಿಗೆ ಬೇಕಾಗಿದ್ದ ಸಮಯ; ಅಲುಗಿದರೆ ಮಸುಕು. ಈಗ ಆ ಕಷ್ಟವಿಲ್ಲ, ಸೆಟೆತ ಮಾತ್ರ ಉಳಿದಿದೆ. ಕೂತವರಿಗೆ ಕುರ್ಚಿಯ ಮುಂದಿನ ಅರ್ಧದಲ್ಲಿ ಕೂರಲು ಹೇಳಿ, ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ನಿಂತವರು ಒಂದು ಭುಜ ತುಸು ಒಳಕ್ಕೆ ತಿರುಗಿಸಿದರೆ ಸಾಲಿನಲ್ಲಿ ಇನ್ನಿಬ್ಬರು ಹಿಡಿಯುತ್ತಾರೆ. ಅಜ್ಜನ ಊರುಗೋಲನ್ನು ಕಸಿದು ಬದಿಗಿಡುವ ಅಭ್ಯಾಸ ಬಿಡಿ, ಅದು ಅವರ ಕೈಯಲ್ಲೇ ಇರಲಿ. ಗಂಡಸರ ಶರ್ಟಿನ ಕಿಸೆಯಿಂದ ಮೊಬೈಲು ತೆಗೆಸಿ. ಮೆಟ್ಟಿಲ ಬಳಿಯ ಚಪ್ಪಲಿ ರಾಶಿ ಸರಿಸಿ. ಬೆವರು ಒರೆಸಲು ಒಂದು ಬೈರಾಸು ಹತ್ತಿರದಲ್ಲಿರಲಿ.

ನಗಿಸಲು ಹೋಗಬೇಡಿ. ನೆರಿಯದ ಒಂದೇ ರಸ್ತೆಯಲ್ಲಿ ತುಳು, ಮಲಯಾಳ, ಬ್ಯಾರಿ, ಕನ್ನಡ ಎಲ್ಲ ಕೇಳುತ್ತದೆ. ಇಲ್ಲಿ ನೋಡಿ ಎನ್ನುವುದನ್ನು ಅವರವರ ಭಾಷೆಯಲ್ಲಿ "ಇಂಚಿ ತೂಲೆ" ಎಂದರೆ, "ಇಂಗೋಟ್ಟು ನೋಕ್ಕು" ಎಂದರೆ ಅಷ್ಟಕ್ಕೇ ಮುಖ ಸಡಿಲಾಗುತ್ತದೆ. ನಿಮ್ಮ ಉಚ್ಚಾರ ತಪ್ಪಿದರೆ ಇನ್ನೂ ಒಳ್ಳೆಯದು.

10. ಹಿನ್ನೆಲೆ ಮಸುಕು ಮಾಡುವ ಶೋಕಿ ಒಬ್ಬರ ಫೋಟೊಗೆ ಇರಲಿ. ಎರಡು ಸಾಲಿಗೆ ಎಫ್ 5.6, ಮೂರಕ್ಕೆ ಎಫ್ 8. ಕಡಿಮೆ ಮಾಡಿದರೆ ಹಿಂದಿನ ಸಾಲಿನ ಮಾವಂದಿರು ಮಸುಕಾಗುತ್ತಾರೆ. ಅಂಗಳ ಸಣ್ಣದೆಂದು 24ರ ಅಗಲದ ಲೆನ್ಸ್ ಹಾಕಿದರೆ ತುದಿಯಲ್ಲಿ ನಿಂತವರ ಮುಖ, ತೋಳು ಹಿಗ್ಗುತ್ತದೆ. ಮತ್ತೆ ತುದಿಗೆ ನಿಲ್ಲುವುದು ಸೊಸೆಯಂದಿರೇ, ಬೈಗುಳ ತಪ್ಪಿದ್ದಲ್ಲ. ಹಿಂದೆ ಹೋಗಿ 50 ಬಳಸಿ. ಜಾಗವಿಲ್ಲದಿದ್ದರೆ ಏಣಿ ಹತ್ತಿ. ತರವಾಡು ಮನೆಯ ನೂರು ಇನ್ನೂರು ಮಂದಿಯನ್ನು ಟೆರೇಸಿನಿಂದ ತೆಗೆಯುವುದೇ ಸರಿ. ಎಲ್ಲರೂ ಮುಖ ಎತ್ತುತ್ತಾರೆ, ಆಕಾಶದ ಬೆಳಕು ಕಣ್ಣಿಗೆ ಸಿಗುತ್ತದೆ, ಹಿಂದಿನವರು ಮರೆಯಾಗುವುದಿಲ್ಲ.

ಫ್ಲ್ಯಾಶನ್ನು ಸಾಲಿನ ಒಂದು ತುದಿಯ ಹತ್ತಿರ ಇಡಬಾರದು. ದೂರ ಇಮ್ಮಡಿಯಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಎರಡು ಮೀಟರಿನಲ್ಲಿರುವ ತಮ್ಮ ಬೆಳ್ಳಗೆ, ನಾಲ್ಕು ಮೀಟರಿನಲ್ಲಿರುವ ಅಣ್ಣ ಕಪ್ಪಗೆ ಬಂದರೆ ಆಮೇಲೆ ಉತ್ತರ ಹೇಳುವವರು ಯಾರು? ಕ್ಯಾಮೆರಾದ ಪಕ್ಕದಲ್ಲೇ, ಎತ್ತರದಲ್ಲಿ, ಹಿಂದಕ್ಕೆ ಇಡಿ. ಬಿಳಿ ಪಂಚೆ ಬಿಳಿ ಶರ್ಟು ಸುಟ್ಟು ಹೋಗದಂತೆ ನೋಡಿ ಎಕ್ಸ್‌ಪೋಶರ್ ಇಡಿ. ನೆರಳನ್ನು ಆಮೇಲೆ ಎತ್ತಬಹುದು, ಸುಟ್ಟ ಬಿಳಿಯನ್ನು ತರಲಾಗುವುದಿಲ್ಲ.

11. ಕಣ್ಣು ಮುಚ್ಚುವುದಕ್ಕೆ ಒಂದು ಲೆಕ್ಕವಿದೆ. ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆಯ ನಿಕ್ ಸ್ವೆನ್ಸನ್ ಮತ್ತು ಪಿಯರ್ಸ್ ಬಾರ್ನ್ಸ್ ಇದನ್ನು ಲೆಕ್ಕ ಹಾಕಿ 2006ರಲ್ಲಿ ಇಗ್ನೊಬೆಲ್ ಪ್ರಶಸ್ತಿ ಗಳಿಸಿದರು. ಇಪ್ಪತ್ತಕ್ಕಿಂತ ಕಡಿಮೆ ಜನರಿದ್ದರೆ, ಒಳ್ಳೆಯ ಬೆಳಕಿನಲ್ಲಿ ತಲೆಯೆಣಿಕೆಯ ಮೂರನೇ ಒಂದರಷ್ಟು, ಮಂದ ಬೆಳಕಿನಲ್ಲಿ ಅರ್ಧದಷ್ಟು ಫೋಟೊ ತೆಗೆಯಬೇಕು. ಹದಿನೈದು ಜನಕ್ಕೆ ಐದು. ನಾನು ಒಂದೆರಡು ಹೆಚ್ಚೇ ತೆಗೆಯುತ್ತೇನೆ. "ಆಯ್ತು" ಎಂದ ಮೇಲೆ ಎಲ್ಲರೂ ಉಸಿರು ಬಿಡುವಾಗ ತೆಗೆದದ್ದೇ ಎಷ್ಟೋ ಸಲ ಗೋಡೆಗೆ ಹೋಗುತ್ತದೆ.

12. ಬಾರದವರನ್ನೂ ಲೆಕ್ಕಕ್ಕೆ ಹಿಡಿಯಿರಿ. "ದುಬೈಯಲ್ಲಿರುವ ತಮ್ಮನನ್ನು ಆಮೇಲೆ ಸೇರಿಸ್ಲಿಕ್ಕೆ ಆಗ್ತದಾ?" ಎಂದು ಕೇಳುವುದು ಖಂಡಿತ. ಆಗುತ್ತದೆ. ಅದಕ್ಕೆ ಆ ಜಾಗವನ್ನು ಹಿಂದಿನ ಸಾಲಿನ ತುದಿಯಲ್ಲಿ ಬಿಡಬೇಕು, ನಡುವೆ ಅಲ್ಲ. ನಡುವೆಯಾದರೆ ಪಕ್ಕದವರ ಭುಜ, ಕೈ, ನೆರಳು ಯಾವುದೂ ಹೊಂದುವುದಿಲ್ಲ. ಬೆಳಕು ಯಾವ ಬದಿಯಿಂದ, ಕ್ಯಾಮೆರಾ ಯಾರ ಎದೆಮಟ್ಟದಲ್ಲಿ ಎಂದು ಬರೆದಿಟ್ಟು ತಮ್ಮನಿಗೆ ಕಳಿಸಿ: ಕಟ್ಟಡದ ನೆರಳಲ್ಲಿ ನಿಂತು, ಬೆಳಕು ಎಡಗೆನ್ನೆಗೆ ಬರುವಂತೆ, ಮೊಬೈಲನ್ನು ಎದೆಮಟ್ಟದಲ್ಲಿ ಹಿಡಿಸಿ, ನಾಲ್ಕು ಹೆಜ್ಜೆ ದೂರದಿಂದ.

ತೀರಿಹೋದ ಅಜ್ಜನ ಫೋಟೊವನ್ನು ಅಜ್ಜಿ ಮಡಿಲಲ್ಲಿ ಹಿಡಿಯುತ್ತೇನೆ ಎಂದರೆ ಬೇಡ ಎನ್ನಬೇಡಿ. ಗಾಜಿನಲ್ಲಿ ಆಕಾಶ ಹೊಳೆದು ಅಜ್ಜನೇ ಕಾಣದೆ ಹೋಗುವುದುಂಟು. ಚೌಕಟ್ಟಿನ ಮೇಲಂಚನ್ನು ಒಂದು ಬೆರಳಿನಷ್ಟು ಮುಂದಕ್ಕೆ ಬಾಗಿಸಲು ಹೇಳಿ, ಆಕಾಶದ ಬದಲು ಗಾಜಿನಲ್ಲಿ ನೆಲ ಬರುತ್ತದೆ. ನೆಲ ಕಪ್ಪಾದಷ್ಟೂ ಅಜ್ಜ ಸ್ಪಷ್ಟ. ಆಗ ಮಾತ್ರ ಆ ಬಿಳಿ ಪಂಚೆಯನ್ನು ಎದುರಿನಿಂದ ತೆಗೆದುಬಿಡಿ.

13. ಪೆನ್‌ಡ್ರೈವ್ ಕೊಟ್ಟು ಕೈ ತೊಳೆಯಬೇಡಿ. ಒಂದು 12-18 ಇಂಚಿನ ಪ್ರಿಂಟ್ ಹಾಕಿಸಿ, ಮ್ಯಾಟ್ ಕಾಗದದಲ್ಲಿ. ಗಾಜಿಗೂ ಪ್ರಿಂಟಿಗೂ ನಡುವೆ ದಪ್ಪ ಮೌಂಟಿನ ಅಂತರ ಇರಲೇಬೇಕು. ನಮ್ಮ ಮಳೆಗಾಲದ ತೇವಕ್ಕೆ ಗಾಜಿಗೆ ಅಂಟಿದ ಪ್ರಿಂಟನ್ನು ಬಿಡಿಸಲು ಹೋದರೆ ಮುಖವೇ ಕಿತ್ತು ಬರುತ್ತದೆ. ಹೊರಗೋಡೆಗೆ ಮಳೆ ಹೊಡೆಯುವ ಪಶ್ಚಿಮದ ಬದಿಯಲ್ಲಿ ನೇತು ಹಾಕಬೇಡಿ, ಒಳಗೋಡೆಗೇ ಹಾಕಿ ಎಂದು ಮನೆಯವರಿಗೆ ಹೇಳಿ. ಚೌಕಟ್ಟಿನ ಹಿಂದಿನ ಕೆಳಮೂಲೆಗಳಿಗೆ ಎರಡು ಬೂಚು ಅಂಟಿಸಿದರೆ ಗೋಡೆಗೂ ಹಲಗೆಗೂ ನಡುವೆ ಗಾಳಿ ಆಡುತ್ತದೆ, ಬೂಸಲು ಬೇಗ ಹಿಡಿಯುವುದಿಲ್ಲ.