ಬಕಲ್ ಕಚ್ಚಿಕೊಂಡರೆ

ಓಲ್ಡ್ ರಾಜಿಂದರ್ ನಗರದ ಗಲ್ಲಿಗಳಲ್ಲಿ ಕಾರು ನಿಲ್ಲಿಸುವ ಕನ್ನಡಿಗರೇ, ಸೀಟ್ ಬೆಲ್ಟಿನ ಬಕಲ್ ಸಲೀಸಾಗಿ ಬಿಡುತ್ತಿಲ್ಲವೇ? ಮೊದಲು ಟಾರ್ಚ್ ಬಿಟ್ಟು ಒಳಗೆ ನೋಡಿ. ಬಿಸ್ಕತ್ತಿನ ಪುಡಿ, ಚಿಲ್ಲರೆ ನಾಣ್ಯ, ಚೆಲ್ಲಿದ ಚಹಾದ ಅಂಟು ಸಿಗಬಹುದು. ದೆಹಲಿಯ ಧೂಳಂತೂ ಇದ್ದೇ ಇರುತ್ತದೆ. ಕೆಂಪು ಗುಂಡಿ ಒತ್ತಿ ಹಿಡಿದು ವ್ಯಾಕ್ಯೂಮ್‌ನಿಂದ ಕಸ ಎಳೆಯಿರಿ. ಬೆಲ್ಟಿನ ಲೋಹದ ನಾಲಿಗೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ. ಎಣ್ಣೆ, ಗ್ರೀಸ್ ಮಾತ್ರ ಬೇಡ, ಧೂಳು ಇನ್ನಷ್ಟು ಮೆತ್ತಿಕೊಳ್ಳುತ್ತದೆ.

ಆಮೇಲೂ 'ಕ್ಲಿಕ್' ಎನ್ನದಿದ್ದರೆ ಬಕಲನ್ನೇ ಬದಲಿಸಿ. ಆದರೆ ನೀವೇ ಸ್ಕ್ರೂಡ್ರೈವರ್ ಹಿಡಿದು ಬಿಚ್ಚಬೇಡಿ. ಕೆಲವು ಕಾರುಗಳಲ್ಲಿ ಅದರ ಬುಡದಲ್ಲೇ ಸಿಡಿಮದ್ದಿನಿಂದ ಬೆಲ್ಟನ್ನು ಬಿಗಿಯುವ ಸಾಧನ ಇರುತ್ತದೆ. ಬೆಲ್ಟ್ ಹಾಕದಿದ್ದಾಗ ಕೂಗುವ ಅಲಾರಂನ ಬಾಯಿ ಮುಚ್ಚಿಸುವ ನಕಲಿ ಕ್ಲಿಪ್ಪಂತೂ ಶುದ್ಧ ಮೂರ್ಖತನ. ಆನ್‌ಲೈನ್ ಅಂಗಡಿಗಳು ಅದನ್ನು ಮಾರದಂತೆ 2023ರಲ್ಲೇ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆದೇಶಿಸಿದೆ. ಬೆಲ್ಟ್ ಹಾಕದೆ ಸಿಕ್ಕಿಬಿದ್ದರೆ ದಂಡ 1000 ರೂಪಾಯಿ, ಹಿಂದಿನ ಸೀಟಿನವರಿಗೂ.