ಬ್ರೇಕಿನ ಡಿಸ್ಕ್ ನೀಲಿಗಟ್ಟಿತೇ? ಸೈಕಲ್ ಸವಾರರು ಮಾಡಬೇಕಾದ್ದು, ಮಾಡಬಾರದ್ದು

ಮಂಗಳೂರಿನಲ್ಲಿ ಸಪಾಟು ರಸ್ತೆ ಕಡಿಮೆ. ಕದ್ರಿ, ಬಾವುಟಗುಡ್ಡೆ, ಬಜಪೆಯ ಇಳಿಜಾರುಗಳಲ್ಲಿ ಬ್ರೇಕಿಗೆ ದಿನವೂ ಕೆಲಸ. ಚಾರ್ಮಾಡಿ ಘಾಟಿ ಇಳಿಯುವವರಿಗೆ ಅದರ ಹಲವು ಪಟ್ಟು. ಸವಾರ, ಸೈಕಲ್ ಸೇರಿ 90 ಕಿಲೋ ಭಾರ 100 ಮೀಟರ್ ಕೆಳಗಿಳಿಯುವಾಗ ಬ್ರೇಕೊಂದರಿಂದಲೇ ವೇಗ ತಡೆದರೆ, ಹುಟ್ಟುವ ಶಾಖಕ್ಕೆ ಕಾಲು ಲೀಟರ್ ನೀರು ಕುದಿಯುತ್ತದೆ. ಆ ಬಿಸಿಯನ್ನೆಲ್ಲ ತೆಳ್ಳನೆಯ ಎರಡು ಡಿಸ್ಕ್‌ಗಳು ತಾಳಬೇಕು. ಸ್ಟೇನ್‌ಲೆಸ್ ಸ್ಟೀಲ್ ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗೆ ಹಳದಿಯಾಗಿ, ಆಮೇಲೆ ಕಂದು, ನೇರಳೆಯಾಗಿ, 500 ದಾಟಿದ ಮೇಲೆ ನೀಲಿಗಟ್ಟುತ್ತದೆ. ಬಣ್ಣ ಬಂದ ಮಾತ್ರಕ್ಕೆ ಡಿಸ್ಕ್ ಕೆಟ್ಟಿದೆ ಎಂದಲ್ಲ. ಅದು ಅತಿಯಾಗಿ ಕಾದಿತ್ತು ಎಂದು ತಿಳಿಯಿರಿ.

ಮಾಡಬೇಕಾದ್ದು

1. ತಿರುವಿಗೆ ಮೊದಲೇ ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ಮತ್ತೆ ಪೂರ್ತಿ ಬಿಡಿ. ಬಿಟ್ಟಾಗಲೇ ಡಿಸ್ಕ್ ಆರುವುದು.
2. ಬ್ರೇಕ್ ಹಿಡಿತ ಕಡಿಮೆಯಾದರೆ, ಲಿವರ್ ಹ್ಯಾಂಡಲ್‌ವರೆಗೂ ಬಂದರೆ, ರಸ್ತೆ ಬದಿಗೆ ಸರಿದು ನಿಲ್ಲಿ. ಆರುವವರೆಗೆ ಕಾಯಿರಿ.
3. ಬಣ್ಣ ಕಂಡ ಮೇಲೆ ಚಕ್ರ ಎತ್ತಿ ತಿರುಗಿಸಿ ನೋಡಿ. ಸದಾ ಉಜ್ಜುತ್ತಿದ್ದರೆ ಕ್ಯಾಲಿಪರ್ ಸರಿಪಡಿಸಿ. ಬಿರುಕಿದ್ದರೆ ಡಿಸ್ಕ್ ಬದಲಿಸಿ.
4. ದಪ್ಪ ಅಳೆಯಿಸಿ. ಶಿಮಾನೊ ಡಿಸ್ಕ್ ಹೊಸತಿದ್ದಾಗ 1.8 ಮಿ.ಮೀ.; 1.5ಕ್ಕೆ ಇಳಿದರೆ ಬದಲಿಸಲೇಬೇಕು.
5. ಡಾಟ್ ದ್ರವದ ಬ್ರೇಕಾದರೆ ಮಳೆಗಾಲ ಮುಗಿದೊಡನೆ ದ್ರವ ಬದಲಿಸಿ. ಅದು ತೇವ ಹೀರುತ್ತದೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿವರೆಗೆ ಕುದಿಯದು. ತೇವ ಹೀರಿದ್ದು 155ರ ಹೊತ್ತಿಗೇ ಕುದಿಯಬಹುದು.

ಮಾಡಬಾರದ್ದು

1. ಘಾಟಿಯುದ್ದಕ್ಕೂ ಬ್ರೇಕನ್ನು ಅರೆಬರೆ ಹಿಡಿದೇ ಇಳಿಯಬೇಡಿ. ಡಿಸ್ಕ್ ಆರಲು ಅವಕಾಶವೇ ಇಲ್ಲದಾಗುತ್ತದೆ.
2. ಕಾದ ಡಿಸ್ಕ್‌ಗೆ ನೀರು ಹೊಯ್ಯಬೇಡಿ, ಬಾಗೀತು. ಬೆರಳು ತಾಗಿಸಬೇಡಿ, ಸುಡುತ್ತದೆ.
3. ಬಣ್ಣ ಹೋಗಲೆಂದು ಮರಳುಕಾಗದದಲ್ಲಿ ತಿಕ್ಕಿ ಡಿಸ್ಕ್ ಸವೆಸಬೇಡಿ.
4. ಕಡಲ ಗಾಳಿಗೆ ತುಕ್ಕು ಹಿಡಿಯುತ್ತದೆಂದು ಡಿಸ್ಕ್‌ಗೆ ಎಣ್ಣೆ ಸವರಲೇಬೇಡಿ. ಪ್ಯಾಡ್ ಎಣ್ಣೆ ಹೀರಿದರೆ ಬ್ರೇಕ್ ಹಿಡಿಯುವುದಿಲ್ಲ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಮಾತ್ರ ಒರೆಸಿ.
5. ರೆಸಿನ್ ಪ್ಯಾಡಿಗೆ ಮಾತ್ರ ಎಂದು ಅಚ್ಚಾದ ಡಿಸ್ಕ್‌ಗೆ ಲೋಹದ ಪ್ಯಾಡ್ ಹಾಕಿಸಬೇಡಿ.
6. ಮಿನರಲ್ ಆಯಿಲ್ ಬ್ರೇಕಿಗೆ ಡಾಟ್ ದ್ರವ ಹಾಕಬೇಡಿ. ಒಳಗಿನ ರಬ್ಬರ್ ಸೀಲ್ ಹಾಳಾಗುತ್ತದೆ.

ಹಳದಿ ಕಂಡರೆ ಬ್ರೇಕ್ ಹಿಡಿಯುವ ಕ್ರಮ ತಿದ್ದಿಕೊಳ್ಳಿ. ನೀಲಿ ಕಂಡರೆ, ತಪಾಸಣೆ ಆಗುವವರೆಗೆ ಆ ಸೈಕಲ್ಲಿನಲ್ಲಿ ನೀವೂ ಇಳಿಜಾರಿಗೆ ಹೋಗಬೇಡಿ, ಮಕ್ಕಳನ್ನೂ ಕಳಿಸಬೇಡಿ.