ಮದರಾಸಿಗೆ ಹಸಿದೇ ಹೋಗಬೇಕು

ಡಿಸೆಂಬರ್ ಬಂತೆಂದರೆ ನಾನೂ ನನ್ನ ನಾದಿನಿಯೂ ಮೈಸೂರಿನಿಂದ ಚೆನ್ನೈಗೆ ಹೊರಡುವುದು ಈಗ ಹದಿನಾಲ್ಕು ವರ್ಷಗಳ ರೂಢಿ. ನಡುವೆ ಕೊರೋನಾ ನುಂಗಿದ ಎರಡು ವರ್ಷ ಬಿಟ್ಟರೆ ತಪ್ಪಿಸಿದ್ದಿಲ್ಲ. ಎರಡು ರಾತ್ರಿ, ಎರಡೂವರೆ ಹಗಲು. ಅದಕ್ಕಿಂತ ಹೆಚ್ಚು ಹೊತ್ತು ಮನೆಯವರು ನಮ್ಮನ್ನು ಬಿಟ್ಟುಕೊಡುವುದಿಲ್ಲ. ನನಗೆ ಸಂಗೀತದ ಹುಚ್ಚು, ಅವಳಿಗೆ ತಿಂಡಿಯದು. ಚಿತ್ರ, ಶಿಲ್ಪದ ವಿಷಯದಲ್ಲಿ ಇಬ್ಬರೂ ಸಮಾನ ಅಜ್ಞಾನಿಗಳಾದ್ದರಿಂದ ಅಲ್ಲಿ ಜಗಳವಿಲ್ಲ. ಮಾರ್ಗಳಿಯ ಸಂಗೀತ ಋತುವಿಗೆ ಮೊದಲ ಸಲ ಹೊರಟವರು ಕೇಳಿದಾಗಲೆಲ್ಲ ಹೇಳುತ್ತ ಬಂದದ್ದನ್ನು ಇಲ್ಲಿ ಬರೆದಿದ್ದೇನೆ.

1. ಪಟ್ಟಿಯಲ್ಲಿ ಅರ್ಧ ಹೊಡೆದುಹಾಕಿ

ನವೆಂಬರ್ ಕೊನೆಯ ಹೊತ್ತಿಗೆ ಸಭಾಗಳ ಪಟ್ಟಿಗಳು ಕೈಗೆ ಸಿಗುತ್ತವೆ. ಮ್ಯೂಸಿಕ್ ಅಕಾಡೆಮಿ, ನಾರದ ಗಾನ ಸಭಾ, ಕೃಷ್ಣ ಗಾನ ಸಭಾ, ಮೈಲಾಪುರ್ ಫೈನ್ ಆರ್ಟ್ಸ್ ಕ್ಲಬ್, 1900ರಲ್ಲೇ ಶುರುವಾದ ತಿರುವಲ್ಲಿಕ್ಕೇಣಿಯ ಪಾರ್ಥಸಾರಥಿ ಸ್ವಾಮಿ ಸಭಾ. ಒಂದೇ ಸಂಜೆ ನಾಲ್ಕು ಕಡೆ ನಾಲ್ವರು ಘಟಾನುಘಟಿಗಳು ಹಾಡುತ್ತಿರುತ್ತಾರೆ. ಮೊದಲ ವರ್ಷ ನಾನು ಹೈಸ್ಕೂಲ್ ಟೀಚರ್ ಬುದ್ಧಿ ಬಿಡದೆ ಟೈಮ್‌ಟೇಬಲ್ ಹಾಕಿದೆ: ಎರಡು ದಿನಕ್ಕೆ ಏಳು ಕಛೇರಿ. ಆದದ್ದೇನು? ಒಂದು ಕಡೆ ವರ್ಣ ಸಿಕ್ಕಿತು, ಇನ್ನೊಂದು ಕಡೆ ಮಂಗಳ ಸಿಕ್ಕಿತು, ನಡುವಿನದೆಲ್ಲ ಆಟೋದವರ ಜೊತೆ ಚೌಕಾಸಿಗೆ ಹೋಯಿತು. ಗಾಯಕರೊಬ್ಬರು ಕಲ್ಯಾಣಿಯ ಆಲಾಪನೆಯಲ್ಲಿ ನಿಧಾನವಾಗಿ ತಾರಷಡ್ಜಕ್ಕೆ ಏರುತ್ತಿದ್ದಾಗ ನಾನು ಕೈಗಡಿಯಾರ ನೋಡುತ್ತಿದ್ದೆ. ಅವರು ಷಡ್ಜ ಮುಟ್ಟಿದ್ದನ್ನು ಬಾಗಿಲ ಹೊರಗಿನಿಂದ ಕೇಳಿದೆ.

ಈಗ ದಿನಕ್ಕೆ ಎರಡೇ ಕಛೇರಿ, ಮಧ್ಯಾಹ್ನ ಒಂದು, ಸಂಜೆ ಒಂದು. ಕೈತಪ್ಪಿದ ದೊಡ್ಡವರ ಚಿಂತೆ ನಮ್ಮ ಕಡೆಯವರಿಗೆ ಬೇಕಿಲ್ಲ. ರಾಮನವಮಿಗೆ ಬೆಂಗಳೂರಿನ ಫೋರ್ಟ್ ಹೈಸ್ಕೂಲ್ ಮೈದಾನಕ್ಕೋ, ಗಣಪತಿ ಹಬ್ಬಕ್ಕೆ ಮೈಸೂರಿನ ಎಂಟನೇ ಕ್ರಾಸಿನ ಪೆಂಡಾಲಿಗೋ ಅವರು ಹೇಗೂ ಬರುತ್ತಾರೆ.

2. ನಡೆದು ಹೋಗುವಷ್ಟು ದೂರದಲ್ಲಿ ಉಳಿಯಿರಿ

ಮೈಲಾಪುರ ಇಲ್ಲವೇ ಆಳ್ವಾರ್‌ಪೇಟೆ. ಊರಾಚೆ ಅಗ್ಗದ ರೂಮು ಹಿಡಿದರೆ ಉಳಿದ ದುಡ್ಡೆಲ್ಲ ಆಟೋಕ್ಕೆ ಹೋಗುತ್ತದೆ. ಈಚೆಗೆ ಮೆಟ್ರೋ ಕೆಲಸಕ್ಕಾಗಿ ಮೈಲಾಪುರದ ಸುತ್ತ ರಸ್ತೆ ಅಗೆದು, ಆಟೋಕ್ಕಿಂತ ಕಾಲೇ ಬೇಗ ಮುಟ್ಟಿಸುತ್ತಿತ್ತು. ರೂಮನ್ನು ದಸರೆ ಮುಗಿದ ಕೂಡಲೇ ಹಿಡಿದಿಡಿ. ಚೀಲದಲ್ಲಿ ಕೊಡೆ ಇರಲಿ, ಅಲ್ಲಿಯ ಮಳೆಗಾಲ ಆಗಿನ್ನೂ ಪೂರ್ತಿ ಮುಗಿದಿರುವುದಿಲ್ಲ. ಶಾಲೂ ಇರಲಿ. ಹೊರಗೆ ಬೆವರುತ್ತ ಬಂದವರನ್ನು ಒಳಗಿನ ಏಸಿ ಎರಡನೆಯ ಕೀರ್ತನೆಯ ಹೊತ್ತಿಗೆ ಮರಗಟ್ಟಿಸುತ್ತದೆ.

3. ಮಧ್ಯಾಹ್ನದ ಕಛೇರಿಗೆ ಹೋಗಿ

ಇದು ನನ್ನ ಹಠದ ಮಾತು. ಸಂಜೆಯ ಕಛೇರಿ ಹೆಸರಾದವರದು. ಟಿಕೆಟ್ಟು, ನೂಕುನುಗ್ಗಲು, ಜರಿ ಸೀರೆ. ಮಧ್ಯಾಹ್ನದ ಹೊತ್ತು ಹೊಸಬರದು, ಬಹುತೇಕ ಕಡೆ ಟಿಕೆಟ್ಟೇ ಇರುವುದಿಲ್ಲ. ಎಷ್ಟೋ ಸಲ ಸಭಾಂಗಣದಲ್ಲಿ ಮೂವತ್ತು ಜನ: ಹತ್ತು ಮಂದಿ ಹಾಡುವವರ ನೆಂಟರು, ಐದಾರು ಮಂದಿ ಊಟದ ಮೇಲಿನ ನಿದ್ದೆಗೆ ಬಂದವರು. ಮಿಕ್ಕವರು ನಿಜವಾದ ಕೇಳುಗರು, ಮುಂದಿನ ಸಾಲಿನಲ್ಲಿ ರಾಗಗಳ ಪುಟ್ಟ ಪುಸ್ತಕ ಹಿಡಿದು ಕೂತಿರುತ್ತಾರೆ.

ಒಮ್ಮೆ ಇಪ್ಪತ್ತು ದಾಟಿರದ ಹುಡುಗಿಯೊಬ್ಬಳು ಹಾಡಿದಳು. ಸಿಕ್ಕ ಸಮಯ ಒಂದೂವರೆ ಗಂಟೆಗೂ ಕಡಿಮೆ. ಅದರಲ್ಲೇ ಅರ್ಧ ಗಂಟೆಯನ್ನು ಒಂದೇ ರಾಗಕ್ಕೆ ಕೊಟ್ಟಳು. ಪಿಟೀಲಿನ ಹುಡುಗ ಅವಳ ಬಾಯನ್ನೇ ನೋಡುತ್ತ, ಅವಳು ಬಿಟ್ಟಲ್ಲಿಂದ ಎತ್ತಿಕೊಂಡು ಹೋದ. ಹೆಸರು ಕೆಡುವ ಭಯ ಇನ್ನೂ ಹುಟ್ಟಿರದವರು ಹೀಗೆ ಹಾಡುತ್ತಾರೆ. ನಾನು ನಾದಿನಿಯ ಕಿವಿಯಲ್ಲಿ "ಪಂತುವರಾಳಿ" ಎಂದೆ. ಹಿಂದಿನ ಸಾಲಿನ ಅಜ್ಜ ಒಬ್ಬರು ತಲೆ ಮುಂದೆ ಚಾಚಿ, "ಪೂರ್ವಿಕಲ್ಯಾಣಿಮ್ಮಾ, ಧೈವತ ಕೇಳಿ" ಎಂದು ತಿದ್ದಿದರು. ಮೂವತ್ತು ವರ್ಷ ಪಾಠ ಹೇಳಿದವಳಿಗೆ ಹಾಗೆ ತಿದ್ದಿಸಿಕೊಂಡ ಸುಖ ಬೇರೆ.

ಇನ್ನೂ ಓದುವ ಆಸೆಯಿದ್ದರೆ ಅಕಾಡೆಮಿಯಲ್ಲಿ ಬೆಳಗ್ಗೆ ಎಂಟರ ಸುಮಾರಿಗೆ ಉಪನ್ಯಾಸ ಪ್ರಾತ್ಯಕ್ಷಿಕೆಗಳಿವೆ. 1927ರಲ್ಲಿ ಮದರಾಸಿನಲ್ಲಿ ಕಾಂಗ್ರೆಸ್ ಅಧಿವೇಶನದ ಜೊತೆಗೆ ಸಂಗೀತ ಸಮ್ಮೇಳನವೊಂದು ನಡೆದು, ಅದರಿಂದ ಮರುವರ್ಷ ಹುಟ್ಟಿದ ಸಂಸ್ಥೆಯಿದು. ಆದ್ದರಿಂದ ಹಾಡಿನ ಜೊತೆ ಚರ್ಚೆಯೂ ಅಲ್ಲಿ ಮೊದಲಿಂದ ಬಂದದ್ದು. ನಾದಿನಿ ಆ ಹೊತ್ತಿಗೆ ಬೇರೆ ಕೆಲಸದಲ್ಲಿರುತ್ತಾಳೆ, ಅದು ನಾಲ್ಕನೆಯ ಪಾಠ.

4. ಕ್ಯಾಂಟೀನಿಗೆ ಯಾವಾಗ ಹೋಗಬೇಕು ಎಂಬುದೂ ಒಂದು ವಿದ್ಯೆ

ಋತುವಿನಲ್ಲಿ ಸಭಾಗಳ ಅಂಗಳದಲ್ಲೇ ಅಡುಗೆಯವರು ಚಪ್ಪರ ಹಾಕುತ್ತಾರೆ. ಮದುವೆಗೆ ಅಡುಗೆ ಮಾಡುವ ದೊಡ್ಡ ಕೈಗಳೇ ಇಲ್ಲಿ ಸೌಟು ಹಿಡಿದಿರುತ್ತವೆ. ಕೀರೈ ವಡೆ, ಅಂದರೆ ನಮ್ಮ ಸೊಪ್ಪಿನ ವಡೆ, ಅಡೈಯ ಪಕ್ಕ ಅವಿಯಲ್, ಬಾಳೆಹೂವಿನ ವಡೆ, ಹೆಸರುಬೇಳೆಯ ಅಶೋಕ ಹಲ್ವಾ. ಸಿಹಿಗುಂಬಳದ್ದಲ್ಲ, ಬೂದುಗುಂಬಳದ್ದೇ ಕಾಶಿ ಹಲ್ವಾ ಎಂದು ನಾದಿನಿ ಪ್ರತಿ ಸಲ ಖಾತ್ರಿ ಮಾಡಿಕೊಂಡೇ ತಿನ್ನುವುದು. ಸಂಗೀತಕ್ಕೆ ಕಿವಿಯೇ ಇಲ್ಲದೆ ಬರೀ ಊಟಕ್ಕೆ ಬರುವವರೂ ಬೇಕಾದಷ್ಟಿದ್ದಾರೆ, ಅವರನ್ನು ನಾನು ಹೀಗಳೆಯುವುದಿಲ್ಲ. ಅವರಲ್ಲಿ ಒಬ್ಬಳು ನಮ್ಮ ಮನೆಯವಳೇ.

ಎರಡನೆಯ ವರ್ಷ ಬಾಳೆಲೆ ಊಟ ಮುಗಿಸಿಕೊಂಡು ಸಂಜೆಯ ಕಛೇರಿಗೆ ಕೂತೆ. ಸಾಂಬಾರು, ವತ್ತಕುಳಂಬು, ರಸ, ಎರಡು ಪಾಯಸ. ರಾಗಂ ತಾನಂ ಪಲ್ಲವಿಯಲ್ಲಿ ತಾನ ಶುರುವಾದದ್ದಷ್ಟೇ ನೆನಪು. ಎಚ್ಚರವಾದಾಗ ಜನ ಚಪ್ಪಾಳೆ ತಟ್ಟುತ್ತಿದ್ದರು. "ಅತ್ತಿಗೆ, ಗೊರಕೆ ತಾಳಕ್ಕೆ ಸರಿಯಾಗಿತ್ತು" ಎಂದಳು ನಾದಿನಿ.

ಅಂದಿನಿಂದ ಕಛೇರಿಗೆ ಮುಂಚೆ ಒಂದು ವಡೆ, ಒಂದು ಕಾಫಿ, ಅಷ್ಟೆ. ಊಟ ಮಂಗಳವಾದ ಮೇಲೆ. ಆದರೆ ಹೊತ್ತು ಮೀರಿ ಹೋದರೆ ಹಲ್ವಾ ತೀರಿರುತ್ತದೆ. ಅದಕ್ಕೇ ಜನ ತನಿ ಆವರ್ತನ ಶುರುವಾದ ಕೂಡಲೇ ಎದ್ದು ಓಡುವುದು. ಮೃದಂಗದವರಿಗೆ ಸಿಗುವುದೇ ಆ ಹತ್ತು ಹದಿನೈದು ನಿಮಿಷ. ಅವರ ಕಣ್ಣೆದುರೇ ಸಾಲು ಸಾಲು ಬೆನ್ನುಗಳು. ನಾನೂ ಒಂದು ವರ್ಷ ಎದ್ದು ಹೋದವಳೇ. ಬಾಗಿಲಲ್ಲಿ ತಿರುಗಿ ನೋಡಿದಾಗ ಘಟದವರು ನನ್ನನ್ನೇ ನೋಡುತ್ತಿದ್ದಂತೆ ಕಂಡಿತು. ಈಗ ನಾದಿನಿಯನ್ನು ಮೊದಲೇ ಹೊರಗೆ ಕೂರಿಸಿ, ನನ್ನ ಪಾಲಿನ ಹಲ್ವಾ ಎತ್ತಿಡಲು ಹೇಳಿ ಒಳಗೆ ಹೋಗುತ್ತೇನೆ.

5. ಬಾಗಿಲು ಹಾಕುವ ದಿನ ತಿಳಿದುಕೊಳ್ಳಿ

ಎಗ್ಮೋರಿನ ಸರ್ಕಾರಿ ಮ್ಯೂಸಿಯಂಗೆ ಶುಕ್ರವಾರ ರಜೆ, ಮುಟ್ಟುಕಾಡಿನ ದಕ್ಷಿಣಚಿತ್ರಕ್ಕೆ ಮಂಗಳವಾರ. ಎರಡನ್ನೂ ಗೇಟಿನ ಮುಂದೆ ನಿಂತೇ ಕಲಿತೆವು.

6. ಮ್ಯೂಸಿಯಂನಲ್ಲಿ ಎರಡೇ ವಿಗ್ರಹ ನೋಡಿ, ಬೆನ್ನನ್ನೂ ನೋಡಿ

1851ರ ಈ ಮ್ಯೂಸಿಯಂ ದೊಡ್ಡದು. ಅಮರಾವತಿಯ ಬೌದ್ಧ ಶಿಲ್ಪಗಳಿಂದ ತಿಮಿಂಗಿಲದ ಎಲುಬಿನವರೆಗೆ ಎಲ್ಲ ಇದೆ. ಮೊದಲ ಸಲ ಎಲ್ಲವನ್ನೂ ನೋಡಿ ಕಾಲು ನೋಯಿಸಿಕೊಂಡು ಬಂದೆವು. ರಾತ್ರಿ ಯಾವುದೂ ನೆನಪಿಗೆ ಬರಲಿಲ್ಲ. ಈಗ ನೇರ ಕಂಚಿನ ವಿಗ್ರಹಗಳ ವಿಭಾಗಕ್ಕೆ ಹೋಗುತ್ತೇವೆ. ತಿರುವಾಲಂಗಾಡಿನ ನಟರಾಜನ ಮುಂದೆ ಒಂದಷ್ಟು ಹೊತ್ತು, ತಿರುವೆಂಕಾಡಿನ ಅರ್ಧನಾರೀಶ್ವರನ ಮುಂದೆ ಒಂದಷ್ಟು ಹೊತ್ತು.

ಈ ನಟರಾಜನ ಸುತ್ತ ಜ್ವಾಲೆಯ ಪ್ರಭಾವಳಿ ಉಳಿದಿಲ್ಲ. ಹಾಗಾಗಿ ಎತ್ತಿದ ಕಾಲು ಬಯಲಿನಲ್ಲಿ ತೂಗುತ್ತದೆ, ಕಣ್ಣಿಗೆ ಅಡ್ಡವೇ ಇಲ್ಲ. ಫ್ರಾನ್ಸಿನ ಶಿಲ್ಪಿ ರೋಡಿನ್ ಇದರ ಫೋಟೋಗಳನ್ನಷ್ಟೇ ನೋಡಿ ಮರುಳಾಗಿ ಪುಟಗಟ್ಟಲೆ ಬರೆದ. ನಮಗೆ ರೈಲು ಟಿಕೆಟ್ಟಿನ ಖರ್ಚಿನಲ್ಲಿ ವಿಗ್ರಹವೇ ಸಿಗುತ್ತದೆ. ಅರ್ಧನಾರೀಶ್ವರನಿಗೆ ಮೂರೇ ಕೈ: ಶಿವನ ಕಡೆ ಎರಡು, ಪಾರ್ವತಿಯ ಕಡೆ ಒಂದು. ಸೊಂಟ ಒಂದು ಕಡೆ ಬಳುಕಿದೆ, ಇನ್ನೊಂದು ಕಡೆ ಬಿಗಿದಿದೆ, ನಡುವೆ ಬೆಸುಗೆಯ ಗೆರೆ ಎಲ್ಲಿದೆ ಎಂದು ಹುಡುಕಿದರೆ ಕಾಣುವುದಿಲ್ಲ.

ಗುಡಿಯಲ್ಲಿ ಉತ್ಸವಮೂರ್ತಿಗೆ ಪಟ್ಟೆ ಉಡಿಸಿ, ಹೂವಿನಲ್ಲಿ ಮುಚ್ಚಿರುತ್ತಾರೆ. ನಮಗೆ ಕಾಣುವುದು ಮುಖ, ಪಾದ. ಬೆನ್ನು ನೋಡಿದವರು ಅರ್ಚಕರು ಮಾತ್ರ. ಇಲ್ಲಿ ಸುತ್ತಿ ಬಂದು ನೋಡಿ: ಬೆನ್ನಹುರಿಯ ತಗ್ಗು, ಜಡೆಯ ಕೆಲಸ, ಯಾರೂ ನೋಡದ ಕಡೆಯಲ್ಲೂ ಅಷ್ಟೇ ಶ್ರದ್ಧೆ. ಮೇಣದಲ್ಲಿ ರೂಪ ತಿದ್ದಿ, ಮಣ್ಣು ಮೆತ್ತಿ, ಕಾಯಿಸಿ ಮೇಣ ಹರಿಸಿ, ಆ ಟೊಳ್ಳಿಗೆ ಲೋಹ ಹೊಯ್ದು, ಮಣ್ಣನ್ನು ಒಡೆದು ತೆಗೆದ ವಿಗ್ರಹಗಳಿವು. ಒಂದು ಅಚ್ಚಿಗೆ ಒಂದೇ ಮೂರ್ತಿ, ಎರಡನೆಯದಕ್ಕೆ ಮತ್ತೆ ಮೇಣದಿಂದಲೇ ಶುರು.

ಹೊರಗೆ ಬಂದು ಅದೇ ಆವರಣದ ಕೆಂಪು ಕಟ್ಟಡವನ್ನು ಮೈಸೂರಿನವರು ಒಮ್ಮೆ ತಲೆಯೆತ್ತಿ ನೋಡಲೇಬೇಕು. ನ್ಯಾಷನಲ್ ಆರ್ಟ್ ಗ್ಯಾಲರಿಯ ಆ ಕಮಾನುಗಳನ್ನು ರೂಪಿಸಿದ ಹೆನ್ರಿ ಇರ್ವಿನ್ನನೇ ನಮ್ಮ ಅಂಬಾವಿಲಾಸ ಅರಮನೆಯನ್ನೂ ರೂಪಿಸಿದವನು. "ದೀಪ ಹಚ್ಚಿದರೆ ದಸರಾ" ಎಂದಳು ನಾದಿನಿ.

7. ಸಮುದ್ರದ ದಾರಿಗೆ ಅರ್ಧ ದಿನ ಬೇಕು, ಇಲ್ಲದಿದ್ದರೆ ಬೇಡ

ಇಂಜಂಬಾಕ್ಕಂನ ಚೋಳಮಂಡಲ ಕಲಾಗ್ರಾಮಕ್ಕೆ ಅವಸರದಲ್ಲಿ ಹೋಗಬೇಡಿ. 1966ರಲ್ಲಿ ಕೆ.ಸಿ.ಎಸ್. ಪಣಿಕ್ಕರ್ ಮತ್ತು ಅವರ ಶಿಷ್ಯರು ಬಾಟಿಕ್‌ನಂಥ ಕರಕುಶಲ ವಸ್ತು ಮಾಡಿ ಮಾರಿದ ದುಡ್ಡಿನಲ್ಲಿ ಮರಳು ನೆಲ ಕೊಂಡು ಕಟ್ಟಿದ ಊರಿದು. ಚಿತ್ರ ಮಾರಿಯೇ ಬದುಕಬೇಕೆಂಬ ಒತ್ತಡ ಬೇಡವೆಂದು ಕಂಡುಕೊಂಡ ದಾರಿ. ಹಾಗೆ ಮೊದಲಿಗೆ ನೆಲೆ ನಿಂತವರಲ್ಲಿ ನಮ್ಮ ಮೈಸೂರಿನ ಎಸ್.ಜಿ. ವಾಸುದೇವ್ ಒಬ್ಬರು. 'ಸಂಸ್ಕಾರ' ಸಿನಿಮಾದ ಕಲಾ ನಿರ್ದೇಶನ ಅವರದೇ. ಅದೇ ರಸ್ತೆಯಲ್ಲಿ ಮುಂದೆ ದಕ್ಷಿಣಚಿತ್ರದಲ್ಲಿ ದಕ್ಷಿಣದ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ್ದಾರೆ. ಇಳಕಲ್ಲಿನ ನೇಕಾರರ ಮನೆಯೂ ಇದೆ. ಎರಡರಲ್ಲಿ ಒಂದನ್ನೇ ಆರಿಸಿ.

8. ಕನ್ನಡದ ಕಿವಿಯನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ

ಕಛೇರಿಯ ಕೊನೆಯ ಅರ್ಧ ಗಂಟೆಯಲ್ಲಿ ದೇವರನಾಮ ಬರುತ್ತದೆ. ಪುರಂದರದಾಸರ 'ಜಗದೋದ್ಧಾರನ', ವ್ಯಾಸರಾಯರ 'ಕೃಷ್ಣ ನೀ ಬೇಗನೆ ಬಾರೋ' ತಮಿಳು ಗಾಯಕರಿಗೆ ಬಾಯಿಪಾಠ. ಸಭೆಯೆಲ್ಲ ರಾಗಕ್ಕೆ ತಲೆದೂಗುವಾಗ ನಾವಿಬ್ಬರು ಮಾತಿಗೂ ತಲೆದೂಗುತ್ತೇವೆ. ಉಚ್ಚಾರ ಅಲ್ಲಲ್ಲಿ ತೊಡರಿದರೆ ಮುಖ ಸಿಂಡರಿಸಬೇಡಿ, ತ್ಯಾಗರಾಜರ ತೆಲುಗನ್ನು ನಾವೇನು ಮಾಡುತ್ತೇವೆಂದು ಅವರಿಗೂ ಗೊತ್ತು. ಅಕಾಡೆಮಿಯ ಸಂಗೀತ ಕಲಾನಿಧಿಗಳ ಸಾಲಿನಲ್ಲಿ 1935ರ ಮೈಸೂರು ವಾಸುದೇವಾಚಾರ್ಯರು, 1957ರ ಟಿ. ಚೌಡಯ್ಯನವರು, 1984ರ ದೊರೆಸ್ವಾಮಿ ಅಯ್ಯಂಗಾರ್ಯರೂ ಇದ್ದಾರೆ.

ನಾದಿನಿಯ ಕನ್ನಡಾಭಿಮಾನ ಹೊಟ್ಟೆಯ ದಾರಿಯದು. ಮದರಾಸಿಗೆ ಮಸಾಲೆ ದೋಸೆಯ ರುಚಿ ಹಚ್ಚಿದ ವುಡ್‌ಲ್ಯಾಂಡ್ಸ್‌ನ ಕೃಷ್ಣರಾಯರು ಉಡುಪಿ ಕಡೆಯವರು. ಕೆಥೀಡ್ರಲ್ ರಸ್ತೆಯ ಅವರ ಡ್ರೈವ್‌ಇನ್ ಹೋಟೆಲು 2008ರಲ್ಲಿ ಮುಚ್ಚಿ, ಈಗ ಅಲ್ಲಿ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನವಿದೆ. ಅದರ ಮುಂದೆ ಹಾಯುವಾಗ ಅವಳು ಸ್ವಂತ ಆಸ್ತಿ ಹೋದವರ ಹಾಗೆ ನಿಟ್ಟುಸಿರು ಬಿಡುತ್ತಾಳೆ.

9. ಒಂದು ಬೆಳಗನ್ನು ಕಪಾಲೀಶ್ವರನ ಬೀದಿಗೆ ಕೊಡಿ

ಮಾರ್ಗಳಿ ಎಂದರೆ ನಮ್ಮ ಧನುರ್ಮಾಸ. ನಸುಕಿನಲ್ಲಿ ಎದ್ದು ಗುಡಿಯ ಸುತ್ತಲಿನ ಮಾಡ ಬೀದಿಗಳಿಗೆ ಹೋದರೆ ಹೊಸಿಲ ಮುಂದೆ ರಂಗೋಲಿ ಬಿಡಿಸುತ್ತಿರುವವರು, ಭಜನೆ ಹಾಡುತ್ತ ನಡೆಯುವವರು. ಈ ಬೀದಿ ಭಜನೆಗೆ ಜೀವ ತುಂಬಿದವರು ಪಾಪನಾಶಂ ಶಿವನ್. ಕೊಳದ ಮೇಲಿನ ಗಾಳಿ, ಎಲ್ಲಿಂದಲೋ ತಾಳದ ಸದ್ದು, ಟಿಕೆಟ್ಟಿಲ್ಲ, ಮೈಕಿಲ್ಲ. ಆಮೇಲೆ ರಾಯರ್ ಮೆಸ್‌ನಲ್ಲಿ ಪೊಂಗಲ್, ಗಟ್ಟಿ ಚಟ್ನಿ. ಜಾಗ ಚಿಕ್ಕದು, ಹೊರಗೆ ಕಾಯಬೇಕು. ನಮ್ಮಲ್ಲಿ ಈ ತಿಂಗಳು ಗುಡಿಯಲ್ಲಿ ಕೊಡುವ ಹುಗ್ಗಿಗೂ ಇದಕ್ಕೂ ಎಷ್ಟು ತುಪ್ಪದ ಅಂತರ ಎಂಬುದು ನಮ್ಮಿಬ್ಬರ ನಡುವೆ ಇನ್ನೂ ಇತ್ಯರ್ಥವಾಗದ ವಾದ.

10. ವಾಪಸು ಹೊರಡುವ ದಿನ ಏನನ್ನೂ ಇಟ್ಟುಕೊಳ್ಳಬೇಡಿ

2022ರಿಂದ ಮೈಸೂರಿಗೆ ವಂದೇ ಭಾರತ್ ಇದೆ, ಆದರೂ ನಮಗೆ ರಾತ್ರಿಯ ಕಾವೇರಿ ಎಕ್ಸ್‌ಪ್ರೆಸ್ಸೇ ಹಿತ. ಕಳೆದ ಸಲ ಕಾಟ್ಪಾಡಿ ದಾಟಿದರೂ ನಾದಿನಿ ಮಲಗಿರಲಿಲ್ಲ. ಕಿಟಕಿಗೆ ತಲೆಯಾನಿಸಿ ಏನನ್ನೋ ಗುನುಗುತ್ತಿದ್ದಳು, ಸಂಗೀತಕ್ಕೆ ಸಂಬಂಧವೇ ಇಲ್ಲ ಎನ್ನುವವಳು. ಕಿವಿಗೊಟ್ಟೆ. ಹುಡುಗಿ ಹಾಡಿದ ಆ ಹಳೆಯ ಮಧ್ಯಾಹ್ನದ್ದೇ ಏನೋ ಅನ್ನಿಸಿತು. "ಪೂರ್ವಿಕಲ್ಯಾಣಿ ಅಲ್ವೇನೇ?" ಎಂದೆ.

"ನನಗೇನು ಗೊತ್ತು ಅತ್ತಿಗೆ" ಎಂದು ಮಡಿಲಲ್ಲಿದ್ದ ಪೊಟ್ಟಣ ಬಿಚ್ಚಿದಳು. "ಕಾಶಿ ಹಲ್ವಾ ಒಂದೇ ತುಂಡು ಉಳಿದಿದೆ. ನೀವು ತಿಂತೀರೋ, ಅಣ್ಣನಿಗೆ ಇಡಲೋ?"

ಇಬ್ಬರೂ ಅರ್ಧರ್ಧ ತಿಂದೆವು.